ಯಾವ ಮಳೆಗೆ ನಿಮ್ಮ ಹಿತ್ತಿಲಿಗೆ ಯಾರು ಬರುತ್ತಾರೆ? ಜೊತೆಗೊಂದು ಕರಿಬೇವಿನ ಜಗಳ

ಹಿತ್ತಿಲಬಾಗಿಲು, ಮೈಸೂರು · ಮೇ 14

ಅಜ್ಜಿ ತೀರಿಕೊಂಡ ಮೇಲೆ ಸಾಗರದ ಮನೆಯ ಅಟ್ಟದಲ್ಲಿ ಹಳೆಯ ಪಂಚಾಂಗಗಳ ಒಂದು ಕಟ್ಟು ಸಿಕ್ಕಿತು. ತಿಥಿ, ನಕ್ಷತ್ರಗಳ ಪಕ್ಕದ ಖಾಲಿ ಜಾಗದಲ್ಲಿ ಅವಳು ಪೆನ್ಸಿಲಿನಿಂದ ಏನೇನೋ ಗುರುತು ಹಾಕಿಕೊಂಡಿದ್ದಳು. ಕೃತ್ತಿಕೆಯ ಎದುರಿಗೆ "ಈಸಲು ಎದ್ದಿತು", ಆರಿದ್ರೆಯ ಎದುರಿಗೆ "ಮಿಂಚುಹುಳು ಈ ವರ್ಷ ಕಡಿಮೆ", ಇನ್ನೊಂದು ಕಡೆ ಬರೀ "ಕೆಂಬೂತ, ಬೆಳಿಗ್ಗೆ". ಹಾಲಿನ ಲೆಕ್ಕ, ಕೂಲಿಯ ಲೆಕ್ಕದ ನಡುವೆ ಇವೂ ಇದ್ದವು.

ಕಳೆದ ವರ್ಷದಿಂದ ನಾನೂ ಹಾಗೆಯೇ ಬರೆಯತೊಡಗಿದ್ದೇನೆ. ನನ್ನದು ಬಾಡಿಗೆ ಮನೆ. ಹಿತ್ತಿಲು ಹದಿನೈದಡಿ ಅಗಲ, ಇಪ್ಪತ್ತಡಿ ಉದ್ದ. ಒಂದು ಕರಿಬೇವು, ಒಂದು ದಾಸವಾಳ, ಬಟ್ಟೆ ಒಗೆಯುವ ಕಲ್ಲು, ಕಾಂಪೌಂಡಿನಾಚೆ ಪಕ್ಕದವರ ಸಂಪಿಗೆ ಮರ. ಇಷ್ಟರಲ್ಲೇ ಸಿಕ್ಕಿದ್ದು ಇಷ್ಟು: ಯುಗಾದಿಗೆ ಹದಿನೈದು ದಿನ ಮುಂಚಿನಿಂದ ಬೆಳಗಿನ ಐದಕ್ಕೇ ಕೇಬಲ್ ತಂತಿಯ ಮೇಲೆ ಮಡಿವಾಳ ಹಕ್ಕಿಯ ಹಾಡು. ಭರಣಿ ಮಳೆ ಬಿದ್ದ ಸಂಜೆ ಈಸಲು, ಎಂದರೆ ರೆಕ್ಕೆ ಬಂದ ಗೆದ್ದಲು. ಆಗಸ್ಟಿನಲ್ಲಿ ರಾಟವಾಳಗಳು ತಮಗಿಂತ ಉದ್ದದ ಹುಲ್ಲಿನ ಗರಿ ಕಚ್ಚಿಕೊಂಡು ಗಾಳಿಪಟದ ಬಾಲದಂತೆ ಹಾರುವುದು. ಸೆಪ್ಟೆಂಬರ್ ಕೊನೆಗೆ ನೀರಿನ ಟ್ಯಾಂಕಿನ ಹತ್ತಿರ ಬಾಲ ಕುಣಿಸುವ ಸಿಪಿಲೆ. ದೀಪಾವಳಿಗೆ ದೀಪಕ್ಕೆ ಮುತ್ತುವ, ಅಕ್ಕಿಕಾಳಿಗಿಂತ ಚಿಕ್ಕ ಹಸಿರು ಹುಳು. ಚಳಿಗಾಲ ಪೂರ್ತಿ ದಾಸವಾಳದೊಳಗಿಂದ "ಟಕ್... ಟಕ್" ಎನ್ನುವ, ಒಮ್ಮೆಯೂ ಮುಖ ತೋರಿಸದ ಯಾರೋ ಒಬ್ಬರು.

ನಿಮ್ಮ ಹಿತ್ತಿಲಿನ ಪಂಚಾಂಗ ಹೇಗಿದೆ? ಯಾವ ತಿಂಗಳಿಗೆ ಯಾರು ಬರುತ್ತಾರೆ?

ಎರಡನೆಯದು ಸ್ವಲ್ಪ ತುರ್ತು. ಕರಿಬೇವಿನಲ್ಲಿ ಹಸಿರು ಹುಳುಗಳು, ಎಣಿಸಿದರೆ ಹನ್ನೊಂದು. ಎರಡು ಕೊಂಬೆ ಆಗಲೇ ಬೋಳು. ಅತ್ತೆಯವರು ಔಷಧಿ ಹೊಡೆಯಬೇಕೆಂದು ಪಟ್ಟು ಹಿಡಿದಿದ್ದಾರೆ, ಮನೆಯ ಮಾಲೀಕರು ಬಾಟಲಿಯನ್ನೂ ತಂದುಕೊಟ್ಟಿದ್ದಾರೆ. ಭಾನುವಾರದವರೆಗೆ ಗಡುವು.

ಕೊಡಚಾದ್ರಿ ತಪ್ಪಲು · ಮೇ 14

ಕರಿಬೇವು ಮನೆಯವರಿಗೆ ಅರ್ಧ, ಹುಳುವಿಗೆ ಅರ್ಧ. ಬಾಟಲಿ ಮಾಲೀಕರಿಗೆ ವಾಪಸ್.

ಎಲೆಮರೆ · ಮೇ 14

ಅಕ್ಕ, ಒಂದು ಪರೀಕ್ಷೆ ಮಾಡಿ. ಹುಲ್ಲಿನ ಕಡ್ಡಿಯಿಂದ ಹುಳುವಿನ ತಲೆಯ ಹಿಂದೆ ಮೆಲ್ಲಗೆ ಮುಟ್ಟಿ. ಕವಲೊಡೆದ ಕೊಂಬಿನಂಥದ್ದು ಫಕ್ಕನೆ ಹೊರಗೆ ಚಾಚಿ, ಕೊಳೆತ ಹಣ್ಣಿನ ಹಾಗೆ ಹುಳಿ ವಾಸನೆ ಬಂದರೆ ಅದು ಸ್ವಾಲೋಟೇಲ್ ಜಾತಿಯ ಚಿಟ್ಟೆಯ ಮರಿ. ಕರಿಬೇವಿಗೆ ಮೊಟ್ಟೆಯಿಡುವವು ಮುಖ್ಯವಾಗಿ ಎರಡು. ನಿಂಬೆ ಚಿಟ್ಟೆ ಒಂದು, ಕಾಮನ್ ಮಾರ್ಮನ್ ಇನ್ನೊಂದು. ಕೊಂಬು ಕೆಂಪಾಗಿದ್ದರೆ ಮಾರ್ಮನ್ ಎಂದು ಹಿಡಿಯಬಹುದು.

ಇವು ಚಿಕ್ಕವಿದ್ದಾಗ ಥೇಟ್ ಹಕ್ಕಿಯ ಹಿಕ್ಕೆಯ ಹಾಗೆ, ಕಂದು ಬಿಳುಪು ಬಣ್ಣದಲ್ಲಿ ಎಲೆಯ ಮೇಲೆ ಬಿದ್ದುಕೊಂಡಿರುತ್ತವೆ. ನಿಮ್ಮ ಅತ್ತೆಯವರು ದಿನವೂ ಎಲೆ ಕೀಳುವಾಗ ನೋಡಿಯೇ ಇರುತ್ತಾರೆ, ಗುರುತಿಸಿರುವುದಿಲ್ಲ. ಹಸಿರಾದ ಮೇಲೆ ಉಳಿಯುವುದು ಕೆಲವೇ ದಿನ. ಆಮೇಲೆ ಮೇಯುವುದನ್ನು ಬಿಟ್ಟು ಕೋಶ ಕಟ್ಟುತ್ತವೆ. ಕರಿಬೇವು ಬೋಳಾದರೂ ಸಾಯುವ ಗಿಡವಲ್ಲ. ಕವಾತು ಮಾಡಿದ ಹಾಗೆ ಇನ್ನಷ್ಟು ಚಿಗುರುತ್ತದೆ.

ಔಷಧಿ ಹೊಡೆದ ಸೊಪ್ಪನ್ನು ನಾಳೆ ಒಗ್ಗರಣೆಗೆ ಹಾಕುವವರು ಯಾರು ಎಂದು ಅತ್ತೆಯವರನ್ನು ಕೇಳಿ. ಅಲ್ಲಿಗೆ ವಾದ ಅರ್ಧ ಗೆದ್ದಂತೆ.

ನೀರಂಚು · ಮೇ 14

ದಾಸವಾಳದ "ಟಕ್ ಟಕ್" ಬ್ಲೈತ್ ಉಲಿಯಕ್ಕಿ ಇರಬೇಕು. ಗುಬ್ಬಿಗಿಂತ ಸಣ್ಣದು, ಮಣ್ಣಿನ ಬಣ್ಣ, ನೋಡಲು ಏನೂ ಇಲ್ಲ. ಆದರೆ ಚಳಿಗಾಲ ಕಳೆಯಲೆಂದು ಉತ್ತರದಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದು ನಿಮ್ಮ ಒಂದು ದಾಸವಾಳದ ಗಿಡವನ್ನೇ ಊರು ಮಾಡಿಕೊಂಡಿರುತ್ತದೆ. ಏಪ್ರಿಲ್ ಹೊತ್ತಿಗೆ ಒಂದು ದಿನ ಸದ್ದು ನಿಲ್ಲುತ್ತದೆ. ಆ ದಿನವನ್ನೂ ಬರೆದಿಡಿ. ಬಂದ ದಿನ ಎಲ್ಲರೂ ಬರೆಯುತ್ತಾರೆ, ಹೋದ ದಿನ ಯಾರೂ ಬರೆಯುವುದಿಲ್ಲ.

ಬಿಸಿಲುಕುದುರೆ · ಮೇ 15

ಎಲ್ಲರೂ ಹುಳುವಿನ ಪರವೇ ಮಾತನಾಡುತ್ತಿದ್ದೀರಿ, ನಾನೊಬ್ಬ ವಿರೋಧಿ ಇರಲಿ. ಹೋದ ಮಳೆಗಾಲ ನಮ್ಮ ನುಗ್ಗೆ ಮರದ ಬುಡದಿಂದ ಎದೆಯೆತ್ತರದವರೆಗೆ ಕಂಬಳಿಹುಳು ಕಂಬಳಿ ಹೊದಿಸಿದಂತೆ ಕೂತಿತ್ತು. ನಾಲ್ಕು ವರ್ಷದ ಮಗಳು ಕೈಯಿಟ್ಟಳು. ಮೈಯೆಲ್ಲ ದದ್ದು, ಎರಡು ರಾತ್ರಿ ನಿದ್ದೆಯಿಲ್ಲ, ಕಣ್ಣು ಊದಿಕೊಂಡು ಆಸ್ಪತ್ರೆಗೆ ಓಡಿದೆವು. ಪಂಜು ಹಚ್ಚಿ ಸುಟ್ಟೆ. ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಸುಡುತ್ತೇನೆ. ಪ್ರಕೃತಿ ಪ್ರೇಮ ಎನ್ನುವುದು ಮಕ್ಕಳಿಗೆ ದದ್ದು ಏಳದವರ ಹವ್ಯಾಸ.

ಎಲೆಮರೆ · ಮೇ 15

ನಿಮ್ಮ ಜಾಗದಲ್ಲಿದ್ದರೆ ನಾನೂ ಪಂಜು ಹಚ್ಚುತ್ತಿದ್ದೆ ಸರ್. ನುಗ್ಗೆಯ ಆ ಹುಳು ಹಗಲು ಕಾಂಡದ ಮೇಲೆ ಗುಂಪುಗೂಡುತ್ತದೆ, ರಾತ್ರಿ ಮೇಯಲು ಮೇಲಕ್ಕೆ ಹತ್ತುತ್ತದೆ. ಆದ್ದರಿಂದ ಹಗಲು ಕಾಂಡದ ಮೇಲಷ್ಟೇ ಬೆಂಕಿ ತಾಗಿಸುವುದು ಹಳ್ಳಿಯವರ ಹಳೆಯ ಉಪಾಯ. ಇಡೀ ಮರಕ್ಕೆ ವಿಷ ಸುರಿಯುವುದಕ್ಕಿಂತ ಅದೇ ವಾಸಿ. ಆದರೆ ಕರಿಬೇವಿನ ಹುಳುವಿಗೆ ಕೂದಲೇ ಇಲ್ಲ. ನುಣ್ಣಗಿನ ಹುಳು, ಮುಟ್ಟಿದರೆ ಏನೂ ಆಗುವುದಿಲ್ಲ. ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಶಿಕ್ಷೆ ಬೇಡ ಎಂಬುದಷ್ಟೇ ನನ್ನ ವಕಾಲತ್ತು.

ಕಂಬಳಿಹುಳು ತಾಗಿದರೆ ಉಜ್ಜಬೇಡಿ. ಅಂಟುಪಟ್ಟಿಯನ್ನು ಚರ್ಮಕ್ಕೆ ಅಂಟಿಸಿ ಎಳೆದರೆ ಮುಳ್ಳುಕೂದಲು ಬಹುಪಾಲು ಬರುತ್ತದೆ. ಆಮೇಲೆ ಸೋಪು, ನೀರು. ಕಣ್ಣಿಗೆ ಹೋದರೆ ನೀವು ಮಾಡಿದ್ದೇ ಸರಿ, ನೇರ ಆಸ್ಪತ್ರೆ.

ನೀರಂಚು · ಮೇ 15

ಆ ಕಂಬಳಿಹುಳುವನ್ನೂ ತಿನ್ನುವವರಿದ್ದಾರೆ. ಬೇರೆ ಹಕ್ಕಿಗಳು ಮೂಸಿಯೂ ನೋಡದ ಕೂದಲುಹುಳುಗಳನ್ನು ಚಾತಕ ಮತ್ತು ಅದರ ಕೋಗಿಲೆ ನೆಂಟರು ಸಲೀಸಾಗಿ ನುಂಗುತ್ತಾರೆ.

ಬಿಸಿಲುಕುದುರೆ · ಮೇ 15

ಹಾಗಾದರೆ ಒಂದು ಚಾತಕವನ್ನು ನಮ್ಮ ವಿಳಾಸಕ್ಕೆ ಕಳುಹಿಸಿಕೊಡಿ.

ಧಾರವಾಡದ ಮಾಸ್ತರ · ಮೇ 16

ನಮ್ಮ ಕಡೆ ಪಂಚಾಂಗ ಬೇಕಿಲ್ಲ, ಮಿರಗದ ಹುಳು ಬಂದರೆ ಸಾಕು. ಜೂನ್ 7 ಅಥವಾ 8ಕ್ಕೆ ಮೃಗಶಿರ ಮಳೆ ಹೂಡುತ್ತದೆ. ಮೊದಲ ಹದ ಮಳೆಗೆ ಕರಿಮಣ್ಣಿನ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಮಖಮಲ್ಲಿನ ಹುಳು ಹರಿದಾಡುತ್ತದೆ. ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತ ಹಾಗೆ ನಟಿಸುತ್ತದೆ. ನಾವು ಹುಡುಗರಿದ್ದಾಗ ಅಂಗೈಯಲ್ಲಿಟ್ಟುಕೊಂಡು ಮಳೆ ಎಷ್ಟು ದಿನ ಎಂದು ಕೇಳುತ್ತಿದ್ದೆವು. ಅದು ಯಾವ ಕಡೆಗೆ ನಡೆಯುತ್ತದೋ ಆ ಕಡೆಯವರ ಹೊಲಕ್ಕೆ ಮಳೆ ಹೆಚ್ಚು ಎಂಬ ತೀರ್ಮಾನವೂ ಆಗುತ್ತಿತ್ತು, ಅದರ ಮೇಲೆ ಹೊಡೆದಾಟವೂ ಆಗುತ್ತಿತ್ತು.

ಇನ್ನೊಂದು ಸಂಗತಿ. ನಿವೃತ್ತನಾದ ಮೇಲೆ ಮಧ್ಯಾಹ್ನ ಜಗಲಿಯಲ್ಲಿ ಕೂರುತ್ತೇನೆ. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕುಂಬಾರ ಹುಳು ಕೆಸರಿನ ಗೂಡು ಕಟ್ಟುತ್ತದೆ. ಹಸಿರು ಹುಳುವನ್ನು ಹೊತ್ತು ತಂದು ಒಳಗೆ ತುರುಕಿ ಬಾಯಿ ಮುಚ್ಚುತ್ತದೆ. ದಿನಗಳ ನಂತರ ಒಳಗಿನಿಂದ ಬರುವುದು ಇನ್ನೊಂದು ಕುಂಬಾರ ಹುಳು. ನಮ್ಮ ಹಿರಿಯರು ಇದನ್ನು ನೋಡಿಯೇ ಭ್ರಮರ ಕೀಟ ನ್ಯಾಯ ಎಂದರು. ಭ್ರಮರ ಗುಂಯ್‌ಗುಟ್ಟುತ್ತದೆ, ಹುಳು ಅದನ್ನೇ ಧ್ಯಾನಿಸಿ ಧ್ಯಾನಿಸಿ ಭ್ರಮರವೇ ಆಗುತ್ತದೆ. ಮೂವತ್ತು ವರ್ಷ ಹುಡುಗರಿಗೆ ಈ ಉಪಮೆ ಹೇಳಿದ್ದೇನೆ.

ಕಡ್ಡಿಪೆಟ್ಟಿಗೆ · ಮೇ 16

ಮಾಸ್ತರರೇ, ಬೇಸರ ಮಾಡಿಕೊಳ್ಳಬೇಡಿ, ಆ ಹುಳು ಯಾರನ್ನೂ ಧ್ಯಾನಿಸುವುದಿಲ್ಲ. ಕಣಜ ಅದನ್ನು ಚುಚ್ಚಿ ಮರಗಟ್ಟಿಸಿ ತಂದಿರುತ್ತದೆ. ಕೊಂದರೆ ಕೊಳೆಯುತ್ತದೆ, ಆದ್ದರಿಂದ ಜೀವ ಉಳಿಸಿ ಚಲನೆ ಮಾತ್ರ ಕಸಿಯುವುದು. ಗೂಡಿನೊಳಗೆ ಇಟ್ಟ ಮೊಟ್ಟೆ ಒಡೆದು ಕಣಜದ ಮರಿ ಆ ತಾಜಾ ಬುತ್ತಿಯನ್ನು ತಿಂದು ಬೆಳೆಯುತ್ತದೆ. ಹೊರಗೆ ಬರುವುದು ತಿಂದವನು, ತಿನ್ನಿಸಿಕೊಂಡವನಲ್ಲ. ಮಡಕೆಯಾಕಾರದ ಗೂಡಾದರೆ ಒಳಗೆ ಹಸಿರು ಹುಳು, ಉದ್ದನೆಯ ಕೊಳವೆಗಳ ಗೂಡಾದರೆ ಸಾಮಾನ್ಯವಾಗಿ ಜೇಡ. ಒಮ್ಮೆ ಒಡೆದು ನೋಡಿ, ಒಂದು ಕೋಣೆಯಲ್ಲಿ ಹತ್ತಾರು ಜೇಡಗಳಿರುತ್ತವೆ.

ಮಿರಗದ ಹುಳು ಹುಳುವೂ ಅಲ್ಲ. ಕಾಲು ಎಣಿಸಿ, ಎಂಟು. ಜೇಡ, ಚೇಳುಗಳ ಬಳಗ.

ಧಾರವಾಡದ ಮಾಸ್ತರ · ಮೇ 16

ಮೂವತ್ತು ವರ್ಷದ ವಿದ್ಯಾರ್ಥಿಗಳಿಗೆಲ್ಲ ಈಗ ಪತ್ರ ಬರೆಯಬೇಕಾಯಿತಲ್ಲ! ಉಪಮೆ ಹೋದರೂ ಪರವಾಗಿಲ್ಲ, ನಿಜ ಸಂಗತಿಯೇ ಹೆಚ್ಚು ಭಯಂಕರವಾಗಿದೆ. ಆದರೆ ಎಂಟು ಕಾಲಿದ್ದರೂ ನಮ್ಮೂರಿನಲ್ಲಿ ಅದು ಹುಳುವೇ. ಊರಿನ ಮಾತಿಗೆ ಕಾಲಿನ ಲೆಕ್ಕ ಕೇಳಬೇಡಿ.

ಹನ್ನೊಂದನೆಯ ಮಹಡಿ, ಬೆಂಗಳೂರು · ಮೇ 17

ಹಿತ್ತಿಲು ಇಲ್ಲದವರು ಏನು ಮಾಡಬೇಕು? ನಮ್ಮ ಬಾಲ್ಕನಿಯ ಪಂಚಾಂಗ: ಜನವರಿ ಪಾರಿವಾಳ, ಫೆಬ್ರವರಿ ಪಾರಿವಾಳ, ಮಾರ್ಚ್ ಪಾರಿವಾಳ.

ತೊಂಡೆಬಳ್ಳಿ · ಮೇ 17

ಒಂದು ಕುಂಡದಲ್ಲಿ ಕೆಂಪು ಹೂವಿನ ಗಿಡ ಇಡಿ, ಸೂರಕ್ಕಿ ಬರುತ್ತದೆ. ನಮ್ಮದು ನಾಲ್ಕನೆಯ ಮಹಡಿ. ಬಟ್ಟೆ ಒಣಹಾಕುವ ತಂತಿಗೇ ಗೂಡು ನೇತುಹಾಕಿತ್ತು. ಜೇಡರ ಬಲೆ, ತೊಗಟೆಯ ಚೂರು, ಹುಳುವಿನ ಹಿಕ್ಕೆ, ನನ್ನ ಹಳೆಯ ಒರೆಸುಬಟ್ಟೆಯ ನೂಲು ಎಲ್ಲ ಸೇರಿಸಿ ಕಟ್ಟಿದ್ದು. ದೂರದಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ. ಗುಡಿಸಲು ಹೋದ ಕೆಲಸದಾಕೆ ಕಿರುಚಿದ ಮೇಲೆಯೇ ನಮಗೆ ಗೊತ್ತಾದದ್ದು. ಇಪ್ಪತ್ತು ದಿನಕ್ಕೂ ಮಿಕ್ಕಿ ಆ ತಂತಿಯ ಮೇಲೆ ಬಟ್ಟೆ ಹಾಕಲಿಲ್ಲ. ಮನೆಯವರ ಅಂಗಿಗಳೆಲ್ಲ ಊಟದ ಮೇಜಿನ ಕುರ್ಚಿಗಳ ಮೇಲೆ ಒಣಗಿದವು.

ಹನ್ನೊಂದನೆಯ ಮಹಡಿ · ಮೇ 17

ಕುಂಡ ಇಟ್ಟರೆ ಪಾರಿವಾಳ ಕುಂಡದಲ್ಲೇ ಮೊಟ್ಟೆಯಿಡುತ್ತದೆ. ಅನುಭವದ ಮಾತು.

ಗೋಧೂಳಿ · ಮೇ 18

ಕೋಗಿಲೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲವಲ್ಲ? ಬೆಳಗಿನ ಜಾವ ಮೂರೂವರೆಗೆ ಶುರು. ಕುಹೂ ಕುಹೂ ಎಂದು ಏರುತ್ತ ಏರುತ್ತ ಕೊನೆಗೆ ಅರಚಾಟ. ಕವಿಗಳು ಯಾರೂ ಅದರ ಪಕ್ಕದ ಮನೆಯಲ್ಲಿ ಮಲಗಿದವರಲ್ಲ. ಚಳಿಗಾಲದಲ್ಲಿ ಎಲ್ಲಿಗೋ ವಲಸೆ ಹೋಗುತ್ತದೆ, ಅಲ್ಲಿಯೇ ಇದ್ದರೆ ಒಳ್ಳೆಯದಿತ್ತು.

ನೀರಂಚು · ಮೇ 18

ಎಲ್ಲಿಗೂ ಹೋಗುವುದಿಲ್ಲ. ನಮ್ಮೂರಿನ ಕೋಗಿಲೆ ವರ್ಷಪೂರ್ತಿ ಇಲ್ಲೇ ಇದ್ದು, ಆಲ, ಅರಳಿ, ಅತ್ತಿಯ ಹಣ್ಣು ತಿಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತದೆ. ಕೂಗುವ ಕಾಲ ಬೇರೆ, ಇರುವ ಕಾಲ ಬೇರೆ. ಕಾಗೆ ಗೂಡು ಕಟ್ಟುವ ಹೊತ್ತಿಗೆ ಇದರ ಗಂಟಲು ತೆರೆಯುತ್ತದೆ, ಏಕೆಂದರೆ ಮೊಟ್ಟೆಯಿಡಬೇಕಾದದ್ದು ಅಲ್ಲಿ. ಕೂಗುವುದು ಕೆಂಪು ಕಣ್ಣಿನ ಕಪ್ಪು ಗಂಡು. ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆಯದು, ಅದರದು ಬರೀ "ಕಿಕ್ ಕಿಕ್ ಕಿಕ್". ಗಾಯಕಿಯರನ್ನು ಕೋಗಿಲೆಗೆ ಹೋಲಿಸುವವರು ಇದನ್ನು ಗಮನಿಸಬೇಕು.

ಗೋಧೂಳಿ · ಮೇ 18

ಎಂದರೆ ಜನವರಿಯಲ್ಲಿ ನಮ್ಮ ಮನೆಯ ಹಿಂದೆ ಕಂಡ ಚುಕ್ಕೆಯ ಹಕ್ಕಿ ಇದರ ಹೆಂಡತಿಯೇ! ಗಿಡುಗನ ಮರಿ ಎಂದುಕೊಂಡು ಕಾಗೆಗಳ ಪರವಾಗಿ ಕಲ್ಲೆಸೆದು ಓಡಿಸಿದ್ದೆ.

ಎಲೆಮರೆ · ಮೇ 18

ಕಾಗೆ ಅದನ್ನು ಅಟ್ಟಿಸಿಕೊಂಡು ಹೋಗುವುದಕ್ಕೆ ಕಾರಣವಿದೆ, ನಿಮ್ಮದು ವ್ಯರ್ಥ ಪಕ್ಷಪಾತ.

ಮೆಲ್ಬರ್ನ್ ಕನ್ನಡತಿ · ಮೇ 19

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಹಿತ್ತಿಲಿಗೆ ದಿನವೂ ಬರುವುದು ಗೊರವಂಕ! ಬಂದ ಹೊಸತರಲ್ಲಿ ಹಳದಿ ಕಣ್ಣಂಚಿನ ಆ ಮುಖ ಕಂಡು ತವರಿನವರೇ ಬಂದಂತೆ ಖುಷಿಪಟ್ಟು ಅನ್ನ ಹಾಕಿದೆ. ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ನನ್ನನ್ನು ಕಳ್ಳಿಯಂತೆ ನೋಡಿದರು. ಇಲ್ಲಿ ಅದು ಶತ್ರು. 1860ರ ದಶಕದಲ್ಲಿ ತೋಟದ ಹುಳು ತಿನ್ನಲಿ ಎಂದು ತಂದು ಬಿಟ್ಟದ್ದಂತೆ. ಈಗ ಮರದ ಪೊಟರೆಗಳನ್ನೆಲ್ಲ ಹಿಡಿದುಕೊಂಡು ಇಲ್ಲಿನ ಗಿಳಿಗಳಿಗೆ ಗೂಡಿಲ್ಲದಂತೆ ಮಾಡುತ್ತದೆ ಎಂದು ದೂರು. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ನಮ್ಮ ಗೊರವಂಕ ಇದೆ. ಅನ್ನ ಹಾಕುವುದನ್ನು ನಿಲ್ಲಿಸಿದ್ದೇನೆ. ಆದರೂ ಬೆಳಿಗ್ಗೆ ಅದು ಕೂಗಿದಾಗ ಅಡುಗೆಮನೆಯಲ್ಲಿ ಒಂದು ಗಳಿಗೆ ತುಮಕೂರು.

ತೊಂಡೆಬಳ್ಳಿ · ಮೇ 19

ತಪ್ಪು ಹಕ್ಕಿಯದೋ, ಕರೆದುಕೊಂಡು ಹೋದವರದೋ?

ಮೆಲ್ಬರ್ನ್ ಕನ್ನಡತಿ · ಮೇ 19

ಅದನ್ನೇ ಆ ಅಜ್ಜಿಗೆ ಹೇಳಿದೆ. "ಗಿಳಿಗೆ ಇದು ಯಾವುದೂ ಗೊತ್ತಿಲ್ಲ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಹಿತ್ತಿಲಬಾಗಿಲು · ಮೇ 19

ಗಡುವಿನ ಸುದ್ದಿ: ಭಾನುವಾರ ಅತ್ತೆಯವರ ಎದುರಿಗೇ ಕಡ್ಡಿ ಪರೀಕ್ಷೆ ಮಾಡಿದೆ. ಕೆಂಪು ಕೊಂಬು ಬಂತು! ವಾಸನೆಯೂ ಬಂತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು "ಇದಕ್ಕೆ ಸಿಟ್ಟು ಬೇರೆ ಇದೆಯೋ" ಎಂದರು. ಬಾಟಲಿ ಮೆಟ್ಟಿಲ ಕೆಳಗೆ ಹೋಗಿದೆ. ಹನ್ನೊಂದರಲ್ಲಿ ಈಗ ಉಳಿದಿರುವುದು ಆರು. ಒಂದನ್ನು ಪಿಕಳಾರ ಎತ್ತಿಕೊಂಡು ಹೋದದ್ದನ್ನು ಕಣ್ಣಾರೆ ಕಂಡೆ. ಎರಡು ಹುಳುಗಳನ್ನು ಸೊಪ್ಪಿನ ಸಮೇತ ಜಾಲರಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇಂದು ಬೆಳಿಗ್ಗೆ ನೋಡಿದರೆ ಎರಡೂ ನಡುವಿಗೆ ನೂಲಿನ ದಾರ ಕಟ್ಟಿಕೊಂಡು ಕಡ್ಡಿಗೆ ಒರಗಿ ಕೂತಿವೆ, ತೆಂಗಿನಮರ ಹತ್ತುವವರ ಹಾಗೆ.

ಕೊಡಚಾದ್ರಿ ತಪ್ಪಲು · ಮೇ 19

ಪಿಕಳಾರದ ಪಾಲನ್ನು ಡಬ್ಬಿಯಲ್ಲಿಡುವುದು ನ್ಯಾಯವೇ?

ಹಿತ್ತಿಲಬಾಗಿಲು · ಮೇ 19

ಎರಡಕ್ಕೆ ಮಾತ್ರ ಪಕ್ಷಪಾತ. ಕ್ಷಮಿಸಿ.

ಶಿರಸಿ ಅಡಕೆ · ಮೇ 21

ಮಲೆನಾಡಿನ ಕಡೆಯಿಂದ: ಜೀರುಂಡೆ ಕೂಗು ಈ ಸಲ ಬೇಗ ಶುರುವಾಗಿದೆ. ಮಳೆ ಹತ್ತಿರ.

ಕಡ್ಡಿಪೆಟ್ಟಿಗೆ · ಮೇ 21

ಜೀರುಂಡೆ ಎಂದರೆ ಗಟ್ಟಿ ಕವಚದ ದುಂಬಿಯಲ್ಲವೇ? ಕೂಗುವುದು ಸಿಕಾಡಾ.

ಶಿರಸಿ ಅಡಕೆ · ಮೇ 21

ನಮ್ಮಲ್ಲಿ ಮರಕ್ಕೆ ಅಂಟಿಕೊಂಡು ಕಿವಿ ಕಿತ್ತುಹೋಗುವಂತೆ ಜೀರ್ ಎನ್ನುವುದೇ ಜೀರುಂಡೆ. ಹೆಸರೇ ಹೇಳುತ್ತಿಲ್ಲವೇ? ಜೀರ್ ಎನ್ನದ ದುಂಬಿಗೆ ಆ ಹೆಸರು ಕೊಟ್ಟದ್ದು ಪುಸ್ತಕದವರು.

ಧಾರವಾಡದ ಮಾಸ್ತರ · ಮೇ 21

ಕಾಲಿನ ಲೆಕ್ಕ ಕೇಳಿದವರಿಗೆ ಈಗ ಕಂಠದ ಲೆಕ್ಕ.

ಕಡ್ಡಿಪೆಟ್ಟಿಗೆ · ಮೇ 21

ಒಪ್ಪಿದೆ, ಒಪ್ಪಿದೆ. ಆದರೆ ಕಂಠವೂ ಅಲ್ಲ ಮಾಸ್ತರರೇ. ಗಂಡಿನ ಹೊಟ್ಟೆಯ ಎರಡು ಪಕ್ಕದಲ್ಲಿ ತಗಡಿನ ಮುಚ್ಚಳದಂಥ ಪೊರೆಗಳಿವೆ. ಸ್ನಾಯು ಎಳೆದು ಬಿಟ್ಟಾಗ ಅದು ಒಳಗೆ ಹೊರಗೆ ಟಕಟಕಿಸುತ್ತದೆ. ಹೊಟ್ಟೆ ಹೆಚ್ಚುಕಡಿಮೆ ಟೊಳ್ಳಾದ್ದರಿಂದ ಸದ್ದು ತಂಬೂರಿಯ ಬುರುಡೆಯಲ್ಲಿ ಆದಂತೆ ದೊಡ್ಡದಾಗುತ್ತದೆ. ರಾತ್ರಿ ಬಚ್ಚಲುಮನೆಯ ಮೂಲೆಯಲ್ಲಿ ಕಿರ್ ಕಿರ್ ಎನ್ನುವ ಚಿಮ್ಮಂಡೆಯದು ಬೇರೆ ವಿದ್ಯೆ, ಅದು ರೆಕ್ಕೆಗೆ ರೆಕ್ಕೆ ಉಜ್ಜುತ್ತದೆ. ಜೀರುಂಡೆಯ ಮರಿ ನೆಲದೊಳಗೆ ಬೇರಿನ ರಸ ಹೀರುತ್ತ ವರ್ಷಗಟ್ಟಲೆ ಇರುತ್ತದೆ. ಹದಿನೇಳು ವರ್ಷ ಎಂದು ಫಾರ್ವರ್ಡ್ ಬರುತ್ತದಲ್ಲ, ಅದು ಅಮೆರಿಕದ ಕೆಲವು ಜಾತಿಗಳ ಕಥೆ, ನಮ್ಮದರದಲ್ಲ. ಅಡಕೆ ಮರದ ಮೇಲೆ ಬೆನ್ನು ಸೀಳಿದ ಖಾಲಿ ಚಿಪ್ಪು ಕಂಡರೆ ಅದು ಇದರದೇ ಹಳೆಯ ಅಂಗಿ.

ಬಿಸಿಲುಕುದುರೆ · ಮೇ 21

ನಿಮ್ಮ ಹೆಸರು ಕಡ್ಡಿಪೆಟ್ಟಿಗೆ ಏಕೆ?

ಕಡ್ಡಿಪೆಟ್ಟಿಗೆ · ಮೇ 22

ಚಿಕ್ಕಂದಿನಲ್ಲಿ ಜೀರ್ಜಿಂಬೆ ಸಾಕಿದ್ದೆ. ಹಸಿರು ಚಿನ್ನದ ಹೊಳಪಿನ ದುಂಬಿ, ಜಾಲಿಯ ಸೊಪ್ಪು ಹಾಕಿ ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆವು. ಗಣಿತದ ಪಿರಿಯಡ್ಡಿನಲ್ಲಿ ಒಳಗಿನಿಂದ ಕರಕರ ಸದ್ದು. ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್‌ಫ್ಲೈ) ಬಾಲಕ್ಕೆ ದಾರ ಕಟ್ಟಿದ ಪಾಪವೂ ಲೆಕ್ಕದಲ್ಲಿದೆ.

ಆ ಏರೋಪ್ಲೇನ್ ಚಿಟ್ಟೆಯ ವಿಷಯ ಬಂದದ್ದಕ್ಕೆ: ಮಳೆ ಬಿಟ್ಟ ಮೇಲೆ ಅಕ್ಟೋಬರ್ ಹೊತ್ತಿಗೆ ಬಯಲಿನ ಮೇಲೆ ಗುಂಪುಗುಂಪಾಗಿ ಕೂರದೆ ಹಾರುತ್ತವಲ್ಲ, ಜೇನಿನ ಬಣ್ಣದವು, ಅವು ನಮ್ಮೂರಲ್ಲೇ ಇರುವವಲ್ಲ. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ, ಸಿಹಿನೀರಿನ ಕೆರೆಯೇ ಅಪರೂಪವಾದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಇವು ಲಕ್ಷಗಟ್ಟಲೆ ಬರುವುದನ್ನು ನೋಡಿ ತಲೆ ಕೆಡಿಸಿಕೊಂಡರು. ಭಾರತದಿಂದ ಹೊರಟು ಸಮುದ್ರದ ಮೇಲೆ ಹಾರಿ ಆಫ್ರಿಕಾ ತಲುಪುತ್ತವೆ ಎಂದು 2009ರಲ್ಲಿ ಬರೆದರು. ನಾವು ದಾರ ಕಟ್ಟಿ ಎಳೆದಾಡಿದ್ದು ಆಫ್ರಿಕಾದ ಪ್ರಯಾಣಿಕರನ್ನು.

ಗೋಧೂಳಿ · ಮೇ 22

ಎರಡು ಬೆರಳುದ್ದದ ಹುಳು ಅರಬ್ಬೀ ಸಮುದ್ರ ದಾಟುತ್ತದೆಯೇ? ನಾನು ಮೆಜೆಸ್ಟಿಕ್ ದಾಟುವುದಕ್ಕೆ ಹೆದರುತ್ತೇನೆ.

ಎಲೆಮರೆ · ಮೇ 22

ಚಿಟ್ಟೆಗಳೂ ಹೊರಡುವ ಕಾಲ ಇದೇ. ನೀಲಿ ಹುಲಿ, ಕಡುನೀಲಿ ಹುಲಿ, ಕಂದು ಬಣ್ಣದ ಕ್ರೋ ಚಿಟ್ಟೆಗಳು ಮುಂಗಾರು ಹಿಡಿಯುವ ಹೊತ್ತಿಗೆ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಬರುತ್ತವೆ, ಹಿಂಗಾರಿನ ಹೊತ್ತಿಗೆ ತಿರುಗಿ ಹೋಗುತ್ತವೆ. ಮೈಸೂರು, ಬೆಂಗಳೂರು ಅವುಗಳ ದಾರಿಯಲ್ಲೇ ಇವೆ. ಹಿತ್ತಿಲಬಾಗಿಲು ಅಕ್ಕ, ಈ ವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಸುಮ್ಮನೆ ಆಕಾಶ ನೋಡಿ. ಹೂವಿನ ಕಡೆಗೆ ತಿರುಗಿಯೂ ನೋಡದೆ, ಒಂದೇ ದಿಕ್ಕಿಗೆ, ಕಚೇರಿಗೆ ತಡವಾದವರಂತೆ ಹೋಗುತ್ತಿದ್ದರೆ ಅದು ವಲಸೆ. ಗಿಲಿಗಿಚ್ಚೆ ಗಿಡ ಒಣಗಿದ್ದು ಎಲ್ಲಾದರೂ ಇದ್ದರೆ ಗಂಡು ಚಿಟ್ಟೆಗಳು ಅದಕ್ಕೆ ಮುತ್ತಿಕೊಂಡಿರುತ್ತವೆ. ಹೆಣ್ಣನ್ನು ಸೆಳೆಯುವ ಗಂಧಕ್ಕೆ ಬೇಕಾದ ಸರಕು ಅದರಲ್ಲಿದೆ.

ತೊಂಡೆಬಳ್ಳಿ · ಮೇ 24

ಒಂದು ಸಹಾಯ. ಮಡಿವಾಳ ಹಕ್ಕಿ ನಮ್ಮ ಸ್ಕೂಟರಿನ ಕನ್ನಡಿಗೆ ಬೆಳಿಗ್ಗೆಯಿಂದ ಕುಟ್ಟುತ್ತಿದೆ. ಕನ್ನಡಿ ತುಂಬ ಹಿಕ್ಕೆ. ಮನೆಗೆ ಕೆಟ್ಟದ್ದು ಎನ್ನುತ್ತಾರೆ, ನಿಜವೇ?

ನೀರಂಚು · ಮೇ 24

ಕೆಟ್ಟದ್ದು ಹಕ್ಕಿಗೆ. ಗೂಡು ಕಟ್ಟುವ ಕಾಲ, ಕನ್ನಡಿಯಲ್ಲಿ ಕಂಡವನು ತನ್ನ ಜಾಗ ಕಬಳಿಸಲು ಬಂದ ಇನ್ನೊಬ್ಬ ಗಂಡು ಎಂದುಕೊಂಡಿದೆ. ಹಳೆಯ ಕಾಲುಚೀಲ ತೊಡಿಸಿ, ಅದಕ್ಕೂ ನೆಮ್ಮದಿ.

ಧಾರವಾಡದ ಮಾಸ್ತರ · ಮೇ 24

ಶಕುನದ ಮಾತು ಬಂದರೆ ಹಾಲಕ್ಕಿಯನ್ನು ಬಿಡುವಂತಿಲ್ಲ. ನಸುಕಿನಲ್ಲಿ ಬುಡಬುಡಿಕೆಯವರು ಬಂದು ಹಾಲಕ್ಕಿ ನುಡಿಯಿತು ಎಂದರೆ ಮನೆಮಂದಿಯೆಲ್ಲ ಎದ್ದು ಕೂರುತ್ತಿದ್ದೆವು. ನುಡಿಯುತ್ತಿದ್ದ ಆ ಮಹಾಶಯ ನಮ್ಮ ಮಾವಿನ ಮರದ ಪೊಟರೆಯಲ್ಲಿದ್ದ ಮುಷ್ಟಿಗಾತ್ರದ ಚುಕ್ಕೆ ಗೂಬೆ ಎಂದು ತಿಳಿದದ್ದು ನನ್ನ ಐವತ್ತನೆಯ ವಯಸ್ಸಿನಲ್ಲಿ. ಒಂದೇ ಮರದಲ್ಲಿ ಗೂಬೆ ಎಂದರೆ ಅಪಶಕುನ, ಹಾಲಕ್ಕಿ ಎಂದರೆ ಶುಭ.

ಹನ್ನೊಂದನೆಯ ಮಹಡಿ · ಮೇ 25

ಗುಬ್ಬಚ್ಚಿ ಮಾಯವಾದದ್ದು ಮೊಬೈಲ್ ಟವರಿನಿಂದ ಎನ್ನುತ್ತಾರಲ್ಲ?

ನೀರಂಚು · ಮೇ 25

ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಹೆಂಚಿನ ಸಂದು ಹೋಯಿತು, ಗಾಜಿನ ಗೋಡೆ ಬಂತು. ಅಂಗಳದಲ್ಲಿ ಅಕ್ಕಿ ಕೇರುವವರಿಲ್ಲ. ಎಲ್ಲಕ್ಕಿಂತ ಮುಖ್ಯ, ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಹುಳು. ಬಾಟಲಿ ತಂದುಕೊಟ್ಟ ಮಾಲೀಕರು ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನದ ಶುಭಾಶಯ ಕಳುಹಿಸುತ್ತಾರೋ ಇಲ್ಲವೋ ಕೇಳಿ ನೋಡಿ.

ಹಿತ್ತಿಲಬಾಗಿಲು · ಮೇ 25

ಕಳುಹಿಸಿದ್ದರು. ಚಿತ್ರ ಸಮೇತ.

ಬಿಸಿಲುಕುದುರೆ · ಮೇ 26

ನಾನು ಸುಡುವವನೇ, ಆದರೆ ಒಂದು ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ನಿನ್ನೆ ಸಂಜೆ ಮಳೆ ನಿಂತ ಮೇಲೆ ಗೋಡೆಯ ಬುಡದ ತೂತಿನಿಂದ ಈಸಲು ಎದ್ದವು. ಮಗಳು ಹೆದರಿದಳು. ದೀಪ ಆರಿಸಿ ಇಬ್ಬರೂ ಬಾಗಿಲಲ್ಲಿ ಕೂತೆವು. ಮೊದಲು ಕಾಗೆ, ಆಮೇಲೆ ಕಾಜಾಣ, ಗೊರವಂಕ, ಓತಿಕ್ಯಾತ, ಅಳಿಲು, ಕತ್ತಲಾದ ಮೇಲೆ ಕಪ್ಪೆ. ಮದುವೆಯ ಪಂಕ್ತಿ. ತಿನ್ನದೆ ಉಳಿದವು ರೆಕ್ಕೆ ಕಳಚಿ ಎರಡೆರಡಾಗಿ ಒಂದರ ಹಿಂದೊಂದು ನಡೆಯುತ್ತಿದ್ದವು. "ಅಪ್ಪ, ಎಲ್ಲಿಗೆ ಹೋಗುತ್ತಿವೆ?" ಎಂದಳು. ಮನೆ ಮಾಡಲು ಎಂದೆ. "ನಮ್ಮ ಬಾಗಿಲಿನಲ್ಲಾ?" ಎಂದಳು. ಆ ಯೋಚನೆ ನನಗೆ ಬಂದಿರಲಿಲ್ಲ. ಗೆದ್ದಲಿನ ಔಷಧಿಯವರ ನಂಬರು ಹುಡುಕುತ್ತಿದ್ದೇನೆ.

ಗೋಧೂಳಿ · ಮೇ 26

ನಮ್ಮ ಮಂಡ್ಯದ ಕಡೆ ಈಸಲನ್ನು ಹುರಿದು ಉಪ್ಪು ಖಾರ ಹಾಕಿ ಹುರಿಗಾಳಿನ ಜೊತೆ ತಿನ್ನುತ್ತಾರೆ. ಹುತ್ತದ ಬಾಯಿಗೆ ಬುಟ್ಟಿ ಕವುಚಿ ಹಿಡಿಯುತ್ತಿದ್ದರು.

ಶಿರಸಿ ಅಡಕೆ · ಮೇ 26

ಮಲೆನಾಡಿನಲ್ಲಿ ಚಿಗಳಿ ಚಟ್ನಿ. ಎಲೆ ಹೊಲಿದು ಗೂಡು ಮಾಡುವ ಕೆಂಪಿರುವೆ, ಮೊಟ್ಟೆ ಸಮೇತ. ನಿಂಬೆ ಹಿಂಡುವ ಅಗತ್ಯವಿಲ್ಲ.

ತೊಂಡೆಬಳ್ಳಿ · ಮೇ 26

ಪಟ್ಟಿ ಪೂರ್ತಿ ಅಡುಗೆಮನೆಗೆ ಬಂತು. ಹುಳುವನ್ನು ಮೆಚ್ಚುವ ಬಗೆಗಳಲ್ಲಿ ಇದೂ ಒಂದು ಎಂದುಕೊಳ್ಳುತ್ತೇನೆ.

ಹಿತ್ತಿಲಬಾಗಿಲು · ಜೂನ್ 2

ಸುದ್ದಿ ಇದೆ, ಅರ್ಧ ಒಳ್ಳೆಯದು.

ಡಬ್ಬಿಯ ಎರಡು ಕೋಶಗಳಲ್ಲಿ ಒಂದು ನಿನ್ನೆ ಕಪ್ಪಾಯಿತು. ಇಂದು ಬೆಳಿಗ್ಗೆ ಆರೂಕಾಲಿಗೆ ಒಡೆದು ಮುದುಡಿದ ಒದ್ದೆ ಬಟ್ಟೆಯಂಥದ್ದು ಹೊರಗೆ ಬಂತು. ಎಂಟು ಗಂಟೆಗೆ ರೆಕ್ಕೆ ಬಿಚ್ಚಿದಾಗ ಕಪ್ಪು ಮೈ, ಹಿಂದಿನ ರೆಕ್ಕೆಯಲ್ಲಿ ಬಿಳಿ ಮತ್ತು ಕೆಂಪು ಮಚ್ಚೆಗಳು. ಅತ್ತೆಯವರು ಕಾಫಿ ಲೋಟ ಹಿಡಿದುಕೊಂಡು ಪೂರ್ತಿ ನೋಡಿದರು. ಕಾಫಿ ಆರಿತು.

ಇನ್ನೊಂದು ಕೋಶ ಕಂದು ಬಣ್ಣಕ್ಕೆ ತಿರುಗಿ ಹಾಗೆಯೇ ಇತ್ತು. ಮಧ್ಯಾಹ್ನ ನೋಡಿದರೆ ಪಕ್ಕದಲ್ಲಿ ಗುಂಡುಸೂಜಿಯ ತೂತು. ಡಬ್ಬಿಯೊಳಗೆ ಎಳ್ಳಿಗಿಂತ ಸಣ್ಣ ಕಪ್ಪು ನೊಣಗಳಂಥವು ಹತ್ತಾರು ಓಡಾಡುತ್ತಿವೆ. ಇವೇನು? ಡಬ್ಬಿಯೊಳಗೆ ಹೇಗೆ ಬಂದವು?

ಎಲೆಮರೆ · ಜೂನ್ 2

ಮೊದಲನೆಯದು ಹೆಣ್ಣು ಮಾರ್ಮನ್, ಅದೂ ವೇಷಧಾರಿ. ಈಶ್ವರ ಬಳ್ಳಿ ತಿಂದು ವಿಷ ಮೈಗೂಡಿಸಿಕೊಂಡ ಕಾಮನ್ ರೋಸ್ ಚಿಟ್ಟೆಯ ಉಡುಗೆಯನ್ನೇ ಹಾಕಿಕೊಂಡಿದೆ, ಹಕ್ಕಿಗಳು ಮೋಸಹೋಗಲಿ ಎಂದು. ಎರಡನೆಯದರಲ್ಲಿ ಬಂದವು ನೊಣವಲ್ಲ, ಪರಾವಲಂಬಿ ಕಣಜ. ಕೋಶ ಕಟ್ಟಿದ ಹೊಸತರಲ್ಲಿ, ಮೈ ಇನ್ನೂ ಮೆತ್ತಗಿರುವಾಗ ತಾಯಿ ಕಣಜ ಬಂದು ಮೊಟ್ಟೆ ಚುಚ್ಚಿ ಹೋಗಿರುತ್ತದೆ. ನಿಮ್ಮ ಜಾಲರಿಯ ಕಣ್ಣು ಅದಕ್ಕೆ ಹೆಬ್ಬಾಗಿಲು.

ಧಾರವಾಡದ ಮಾಸ್ತರ · ಜೂನ್ 2

ನೋಡಿ, ಕೀಟ ಹೋಗಿ ಭ್ರಮರವಾಯಿತು! ನಾನು ಪತ್ರ ಬರೆಯುವುದಿಲ್ಲ.

ಕಡ್ಡಿಪೆಟ್ಟಿಗೆ · ಜೂನ್ 2

ಮಾಸ್ತರರೇ...

ಕೊಡಚಾದ್ರಿ ತಪ್ಪಲು · ಜೂನ್ 3

ಆ ಕಣಜಗಳನ್ನು ಏನು ಮಾಡಿದಿರಿ ಅಕ್ಕ?

ಹಿತ್ತಿಲಬಾಗಿಲು · ಜೂನ್ 3

ನಾನು ಯೋಚಿಸುತ್ತ ನಿಂತಿದ್ದಾಗ ಅತ್ತೆಯವರೇ ಡಬ್ಬಿ ಕಿತ್ತುಕೊಂಡು ಕರಿಬೇವಿನ ಬುಡದಲ್ಲಿ ಮುಚ್ಚಳ ತೆಗೆದರು. "ಔಷಧಿ ಮನೆಯಲ್ಲೇ ಇತ್ತಲ್ಲ" ಎಂದರು. ರಾತ್ರಿ ಪಂಚಾಂಗ ತೆರೆದರೆ ರೋಹಿಣಿಯ ಎದುರಿಗೆ ನನ್ನದಲ್ಲದ ಅಕ್ಷರ: "ಚಿಟ್ಟೆ 1. ಕಣಜ, ಎಣಿಸಲಾಗಲಿಲ್ಲ."

ನೀರಂಚು · ಜೂನ್ 3

ಅವರನ್ನು ಫೆಬ್ರವರಿಯ ಹಿತ್ತಿಲ ಹಕ್ಕಿ ಎಣಿಕೆಗೂ ಸೇರಿಸಿಕೊಳ್ಳಿ. ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಕೂತು ಕಂಡದ್ದನ್ನು ಬರೆದರೆ ಸಾಕು. ನಮ್ಮ ದೇಶದಲ್ಲಿ 2013ರಿಂದ ನಡೆಯುತ್ತಿದೆ.

ಹನ್ನೊಂದನೆಯ ಮಹಡಿ · ಜೂನ್ 3

ಪಾರಿವಾಳವನ್ನೂ ಎಣಿಸಬಹುದೇ?

ನೀರಂಚು · ಜೂನ್ 3

ಎಣಿಸಲೇಬೇಕು.

ಗೋಧೂಳಿ · ಜೂನ್ 4

ಎಲ್ಲ ಸರಿ, ಗಿಡ ಬೋಳಾಗಿದೆ ಎಂದಿರಲ್ಲ. ಈ ಮೂರು ವಾರ ಒಗ್ಗರಣೆಗೆ ಕರಿಬೇವು ಎಲ್ಲಿಂದ?

ಹಿತ್ತಿಲಬಾಗಿಲು · ಜೂನ್ 4

ಮಾಲೀಕರ ಗಿಡದಿಂದ. ಅವರದಕ್ಕೂ ಹುಳು ಬಿದ್ದಿದೆ, ಇನ್ನೂ ಹೇಳಿಲ್ಲ.